ಫ್ರಿಸ್ಕೊ (ಟೆಕ್ಸಸ್): ಮಿಶ್ರ ಜನಾಂಗ ಹಠಾತ್ ಏರಿದ್ದೇಕೆ, ಆದಾಯ ನಿಜಕ್ಕೂ ಹೆಚ್ಚಿದೆಯೇ?

ಊರಿನ 2010 ಮತ್ತು 2020ರ ಅಂಕಿಗಳನ್ನು ಹೋಲಿಸುವವರಿಗೆ ಏಳುವ ಎರಡು ಪ್ರಶ್ನೆಗಳಿವು. ಫ್ರಿಸ್ಕೊದಲ್ಲಿ 'ಎರಡು ಅಥವಾ ಹೆಚ್ಚು ಜನಾಂಗ'ದವರ ಸಂಖ್ಯೆ 2010ರಿಂದ 2020ಕ್ಕೆ ಹಲವು ಪಟ್ಟಾಗಿ ಕಾಣಲು ಬಹುಪಾಲು ಕಾರಣ ಹೊಸಬರಲ್ಲ, ಜನಗಣತಿಯ ಪ್ರಶ್ನೆ. 2020ರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಮೂಲ ಬರೆಯುವ ಜಾಗ ಕೊಟ್ಟರು, ಉತ್ತರಗಳನ್ನು ವಿಂಗಡಿಸುವ ಕ್ರಮವನ್ನೂ ಬದಲಿಸಿದರು. ಇಡೀ ಅಮೆರಿಕದಲ್ಲೇ ಈ ಗುಂಪು 90 ಲಕ್ಷದಿಂದ 3.38 ಕೋಟಿಗೆ ಜಿಗಿಯಿತು. ಇದರಲ್ಲಿ ನಿಜವಾದ ಬದಲಾವಣೆ ಎಷ್ಟು ಎಂದು ಈ ಎರಡು ಅಂಕಿಗಳಿಂದಷ್ಟೇ ಬೇರ್ಪಡಿಸಲಾಗದು. ಏಷ್ಯನ್ನರ ಏರಿಕೆಯನ್ನು ಮಾತ್ರ ಹೆಚ್ಚು ನೆಚ್ಚಬಹುದು.

ನೀವೇ ಹೋಲಿಸುವುದಾದರೆ, ಮೊದಲು ಜನಗಣತಿಯ ಕೋಷ್ಟಕಗಳಲ್ಲಿ ಊರನ್ನು 'ಪ್ಲೇಸ್' (ಇಡೀ ಊರು) ಎಂದೇ ಆರಿಸಿ. ಫ್ರಿಸ್ಕೊ ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ, ಒಂದು ಕೌಂಟಿಯ ಅಂಕಿ ಹಿಡಿದರೆ ಲೆಕ್ಕ ಕೆಡುತ್ತದೆ. ಆಮೇಲೆ ಅಮೆರಿಕನ್ ಕಮ್ಯುನಿಟಿ ಸರ್ವೇಯ (ಜನಗಣತಿ ಇಲಾಖೆಯ ಮಾದರಿ ಸಮೀಕ್ಷೆ) 2006-2010 ಮತ್ತು 2016-2020ರ ಐದು ವರ್ಷದ ಕೋಷ್ಟಕಗಳನ್ನು ತೆಗೆಯಿರಿ. ಜನಾಂಗಕ್ಕೆ ಬಿ03002, ಮನೆಯ ಮಧ್ಯಮ ಆದಾಯಕ್ಕೆ (ಮೀಡಿಯನ್, ಅಂದರೆ ಅರ್ಧ ಮನೆಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) ಬಿ19013, ಏಷ್ಯನ್ ಮನೆಗಳಿಗಷ್ಟೇ ಬೇಕಾದರೆ ಬಿ19013ಡಿ. ಒಂದರ ಮೇಲೊಂದು ಬೀಳುವ ಅವಧಿಗಳನ್ನು ಹೋಲಿಸಬೇಡಿ.

ಆದಾಯ ಹೋಲಿಸುವಾಗ ಎಡವುವುದು ಬಹುಶಃ ಇಲ್ಲಿ: ಹಳೆಯ ಆದಾಯ 2010ರ ಡಾಲರಿನಲ್ಲಿದೆ, ಹೊಸದು 2020ರ ಡಾಲರಿನಲ್ಲಿ. ಬೆಲೆ ಏರಿಕೆ ಸರಿದೂಗಿಸಲು ಹಳೆಯ ಆದಾಯವನ್ನೂ ಅದರ ದೋಷಮಿತಿಯನ್ನೂ (ಕೋಷ್ಟಕದಲ್ಲಿ ± ಎಂದು ಕೊಡುವ ಅಂಕಿ) 1.19ರಿಂದ ಗುಣಿಸಿ. ಎರಡೂ ದೋಷಮಿತಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಆದಾಯದ ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಏರಿಕೆ ಎನ್ನಿ. ಟ್ರ್ಯಾಕ್ಟ್‌ಗಳ (ಜನಗಣತಿಯ ಚಿಕ್ಕ ಪ್ರದೇಶಗಳು) ಮಧ್ಯಮ ಆದಾಯದ ಸರಾಸರಿ ತೆಗೆದು ಊರಿನದ್ದು ಎನ್ನುವುದು ಶುದ್ಧ ತಪ್ಪು.

ಏರಿಕೆ ಉಳಿದರೂ ಹಳೇ ನಿವಾಸಿಗಳ ಸಂಬಳ ಹೆಚ್ಚಿತು ಎಂದು ಬರೆಯಬೇಡಿ. 1,16,989 ಇದ್ದ ಜನಸಂಖ್ಯೆ 2,00,509 ಆಗಿದೆ, ನೀವು ಹೋಲಿಸುತ್ತಿರುವುದು ಬೇರೆ ಬೇರೆ ಜನರನ್ನು.