ಶಾಸಕರಾಗಿದ್ದ ಅಜ್ಜನ ಹಳೇ ಕಾಗದ ಗುಜರಿಗೆ ಹಾಕಬಹುದಾ?

ನಿಮ್ಮ ಅಜ್ಜ 1972ರಿಂದ ಹಲವು ಅವಧಿಗೆ ಶಾಸಕರಾಗಿದ್ದರು, ಈಗ ಉಡುಪಿಯ ಮನೆ ಖಾಲಿ ಮಾಡಬೇಕು, ಅಟ್ಟದ ತುಂಬ ಟ್ರಂಕು ಅಂತ ಬರೆದಿದ್ದೀರಿ. ಫೋಟೋ, ಸನ್ಮಾನಪತ್ರ, ಸದನದ ಭಾಷಣ ಇಟ್ಟುಕೊಂಡು "ಬರೀ ಅರ್ಜಿ, ಚೀಟಿ" ಗುಜರಿಗೆ ಹಾಕಬಹುದಾ ಅಂತ ನಿಮ್ಮ ಪ್ರಶ್ನೆ. ದಯವಿಟ್ಟು ಬೇಡ. ಏನಾದರೂ ಬಿಡಲೇಬೇಕು ಅಂದರೆ ಸನ್ಮಾನಪತ್ರ ಬಿಡಿ, ಚೀಟಿ ಉಳಿಸಿ. ಇಂಥದ್ದೇ ಒಂದು ಮನೆಯ ಕಾಗದ ಜೋಡಿಸುವ ಕೆಲಸದಲ್ಲಿ ನಾನೂ ಇದ್ದೆ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ.

ಸದನದಲ್ಲಿ ಅಜ್ಜ ಎದ್ದು ಮಾತಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ವಿಧಾನಸಭೆಯ ನಡವಳಿ ಅಚ್ಚಾಗಿದೆ. ಚುಕ್ಕೆ ಗುರುತಿನ ಪ್ರಶ್ನೆ, ಅದಕ್ಕೆ ಮಂತ್ರಿ ಕೊಟ್ಟ ಉತ್ತರ ಎಲ್ಲ ಬೆಂಗಳೂರಿನಲ್ಲಿ ಸಿಗುತ್ತದೆ. ಆದರೆ ಆ ಪ್ರಶ್ನೆ ಕೇಳಿ ಅಂತ ಅವರ ಬೆನ್ನು ಹತ್ತಿದ್ದು ಯಾರು? ಅದು ನಿಮ್ಮ ಅಟ್ಟದಲ್ಲಿ ಮಾತ್ರ ಇದೆ.

ಮೊದಲು 1974ರಿಂದ 79ರವರೆಗಿನ ಕಟ್ಟುಗಳನ್ನು ಹುಡುಕಿ. ಅದು ಒಕ್ಕಲು ಮಸೂದೆಯ ಕಾಲ, ಅಂದರೆ ಗೇಣಿಗೆ ಉಳುವವರಿಗೇ ಭೂಮಿ ಅಂತ ಕಾನೂನು ಬಂದ ಕಾಲ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಈ ಭೂಮಿ ಉಳುತ್ತಿರುವುದು ನಾವೇ ಅಂತ ಗೇಣಿದಾರರು ಫಾರಂ 7ರಲ್ಲಿ ಡಿಕ್ಲರೇಶನ್ ಕೊಡಬೇಕಿತ್ತು. ಗಡುವು ಮುಂದೆ ಮುಂದೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ದೇವರಾಜ ಅರಸು ಸರಕಾರದಲ್ಲಿ ಭೂಸುಧಾರಣೆ ಖಾತೆ ನೋಡಿಕೊಂಡ ಬಿ. ಸುಬ್ಬಯ್ಯ ಶೆಟ್ಟರು ನಮ್ಮ ಸುರತ್ಕಲ್ ಕ್ಷೇತ್ರದವರೇ. ಹಾಗಾಗಿ ಆಗಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಶಾಸಕರ ಮನೆ ಬಾಗಿಲಿಗೆ ಜನ ಬಂದದ್ದು ಸಹಜ. ಆ ಡಿಕ್ಲರೇಶನ್‌ಗಳನ್ನು ತೀರ್ಮಾನಿಸಿದ ಭೂನ್ಯಾಯ ಮಂಡಳಿಯ ಆದೇಶದಲ್ಲಿ ಸರ್ವೆ ನಂಬರ್ ಇರುತ್ತದೆ, ವಿಸ್ತೀರ್ಣ ಇರುತ್ತದೆ. ಡಿಕ್ಲರೇಶನ್ ಕೊಟ್ಟರೆ ಧಣಿ ಏನು ಮಾಡುತ್ತಾರೋ ಅಂತ ಹೆದರಿದ ಚಾಲಗೇಣಿ (ಧಣಿ ಬೇಕಾದಾಗ ಬಿಡಿಸಬಹುದಾದ ಗೇಣಿ) ಒಕ್ಕಲು ಅದರಲ್ಲಿ ಇರುವುದಿಲ್ಲ. ಗೇಣಿಗೆ ಕೊಟ್ಟಿದ್ದ ಎರಡು ಗದ್ದೆಯೂ ಹೋಯಿತು ಅಂತ ಅತ್ತ ವಿಧವೆಯೂ ಇರುವುದಿಲ್ಲ. ಇಬ್ಬರೂ ಬರೆಯುತ್ತಿದ್ದುದು ಶಾಸಕರಿಗೆ. ಅಜ್ಜ ಯಾವ ಕಡೆ ವಾಲಿದರು ಅನ್ನುವುದು ಉತ್ತರದ ಕಾರ್ಬನ್ ಪ್ರತಿಯಲ್ಲಿ ಗೊತ್ತಾಗುತ್ತದೆ. ಓದಿದರೆ ನಿಮಗೆ ಖುಷಿಯಾಗದೆಯೂ ಇರಬಹುದು. ಆದರೂ ತೆಗೆದು ಹಾಕಬೇಡಿ.

ಇನ್ನೊಂದು ಮಾತು. ಬೆಳ್ತಂಗಡಿಯ ವಸಂತ ಬಂಗೇರರು ಐದು ಸಲ ಗೆದ್ದರು, ಅದೂ ಬಿಜೆಪಿ, ಜನತಾದಳ, ಕಾಂಗ್ರೆಸ್ ಮೂರರಿಂದಲೂ. ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟರು 2013ರಲ್ಲಿ ಪಕ್ಷೇತರರಾಗಿಯೂ ಗೆದ್ದರು. ಪಕ್ಷ ಬಿಟ್ಟರೂ ಜನ ಬಿಡಲಿಲ್ಲ ಅಂದರೆ ಅದರ ಕಾರಣ ಪ್ರಣಾಳಿಕೆಯಲ್ಲಿ ಸಿಗುತ್ತದಾ? ವರ್ಗಾವಣೆ, ಆಸ್ಪತ್ರೆ ಖರ್ಚು, ಮನೆ ನಂಬರು, ಸಂಕಕ್ಕೆ (ಕಾಲುಸೇತುವೆಗೆ) ಹಣ ಅಂತ ಬಂದ ಚೀಟಿಗಳಲ್ಲೇ ಸಿಗಬೇಕು ಅಲ್ವಾ?

ಈಗ ಕೆಲಸದ ವಿಷಯ. ಕಟ್ಟು ಬಿಚ್ಚಿ ನಿಮ್ಮದೇ ಕ್ರಮದಲ್ಲಿ ಜೋಡಿಸಲು ಹೋಗಬೇಡಿ. ಅಜ್ಜ ಯಾವುದರ ಜೊತೆ ಯಾವುದನ್ನು ಇಟ್ಟಿದ್ದರು ಅನ್ನುವುದೂ ಒಂದು ಮಾಹಿತಿ. ತುಕ್ಕು ಹಿಡಿದ ಪಿನ್ನು ಮೆಲ್ಲ ತೆಗೆದು ಹತ್ತಿಯ ಪಟ್ಟಿ ಕಟ್ಟಿ. ಲ್ಯಾಮಿನೇಶನ್ ಖಂಡಿತ ಬೇಡ. ತೊಂಬತ್ತರ ದಶಕದ ಫ್ಯಾಕ್ಸ್ ಇದ್ದರೆ ಇವತ್ತೇ ಜೆರಾಕ್ಸ್ ಮಾಡಿ, ಆ ಕಾಗದದ ಅಕ್ಷರ ತಾನಾಗಿ ಮಾಸುತ್ತದೆ. ಮಳೆಗಾಲಕ್ಕೆ ಮೊದಲು ಟ್ರಂಕನ್ನು ನೆಲದಿಂದ ಎತ್ತರದಲ್ಲಿಡಿ. ನಮ್ಮೂರಿನ ಒರಲೆಗೆ (ಗೆದ್ದಲಿಗೆ) ಶಾಸಕರ ಕಾಗದ ಅಂತ ಮರ್ಯಾದೆ ಏನಿಲ್ಲ.

ಸರಕಾರಿ ಕಡತವೇ ಮೂಲದಲ್ಲಿ ಸಿಕ್ಕಿದರೆ ಅದು ನಿಮ್ಮದಲ್ಲ, ಇಲಾಖೆಗೆ ವಾಪಸ್ ಕೊಡಿ. ಜನರ ಕಾಯಿಲೆ, ಸಾಲ, ಮನೆಜಗಳದ ಪತ್ರಗಳನ್ನು ಸ್ಕ್ಯಾನ್ ಮಾಡಿ ಫೇಸ್‌ಬುಕ್‌ಗೆ ಹಾಕಬೇಡಿ. ಬರೆದವರ ಮಕ್ಕಳು ಇಲ್ಲೇ ಪಕ್ಕದಲ್ಲಿ ಇರುತ್ತಾರೆ.

ಯಾರಿಗೆ ಕೊಡುವುದು? ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಬರೆಯಿರಿ. ಎಲ್ಲಿ ಕೊಟ್ಟರೂ ಬಾಯಿಮಾತಲ್ಲಿ ಮುಗಿಸಬೇಡಿ. ಯಾವ ಕಟ್ಟು ಎಷ್ಟು ವರ್ಷ ಮುಚ್ಚಿರಬೇಕು, ಯಾರು ನೋಡಬಹುದು ಅಂತ ಬರೆಸಿಕೊಳ್ಳಿ. ಕೆಲವು ಕಡೆ ಸುಮ್ನೆ ತೆಗೆದುಕೊಂಡು ಮೂಲೆಗೆ ಹಾಕುತ್ತಾರೆ, ಅದಕ್ಕಿಂತ ನಿಮ್ಮ ಅಟ್ಟವೇ ವಾಸಿ. ಕಪಾಟು ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಹಾಂ, ಅಜ್ಜನ ಪಿ.ಎ. ಇನ್ನೂ ಇದ್ದಾರಾ? ಇದ್ದರೆ ಟ್ರಂಕಿಗಿಂತ ಮೊದಲು ಅವರ ಮನೆಗೆ ಹೋಗಿ. ಅರ್ಜಿಗಳ ಮೂಲೆಯಲ್ಲಿ ಕೆಂಪು ಪೆನ್ನಿನ ಗೀಟು, ಅಡ್ಡ ಅಕ್ಷರ ಏನಾದರೂ ಇದ್ದರೆ ಅದರ ಅರ್ಥ ಹೇಳಬಲ್ಲವರು ಅವರೊಬ್ಬರೇ.