ದಿನವಿಡೀ ನಿಂತರೆ ಸಂಜೆಗೆ ಕಾಲು ಭಾರವಾಗುವುದೇಕೆ?

ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುತ್ತೀರಿ, ಸಂಜೆಗೆ ಎರಡೂ ಕಾಲು ಭಾರವಾಗಿ ಜಗ್ಗುತ್ತವೆ, ಬೆಳಿಗ್ಗೆ ಹಗುರಾಗಿರುತ್ತವೆ, ಮನೆಯವರು ಮೈಗಳ್ಳತನ ಎನ್ನುತ್ತಾರೆ ಎಂದು ಬರೆದಿದ್ದೀರಿ. ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಶಿಡ್ಲಘಟ್ಟದಲ್ಲಿ ನನ್ನದೊಂದು ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಅಲ್ಲಿ ನಿಂತು ದುಡಿಯುವ ಹೆಂಗಸರು ಹೇಳುವುದೂ ಇದನ್ನೇ, ಅವರಲ್ಲಿ ಒಬ್ಬರೂ ಮೈಗಳ್ಳರಲ್ಲ.

ಕಾಲಿನ ರಕ್ತ ಹೃದಯದವರೆಗೆ ಮೇಲಕ್ಕೆ ಹತ್ತಬೇಕು. ಅದನ್ನು ತಳ್ಳುವುದು ಮೀನಖಂಡದ ಸ್ನಾಯು. ಹತ್ತಿದ್ದು ಮತ್ತೆ ಕೆಳಗೆ ಜಾರದಂತೆ ಅಭಿಧಮನಿಗಳೊಳಗಿನ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳೊಳಗಿನ, ಪುಟ್ಟ ಕವಾಟಗಳು ತಡೆಯುತ್ತವೆ. ಅಲುಗಾಡದೆ ನಿಂತಾಗ ಪಾದದ ಬಳಿಯ ಅಭಿಧಮನಿಗಳಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮನ್ನು ದಣಿಸುತ್ತಿರುವುದು ಒಂದೇ ಕಡೆ ನಿಲ್ಲುವುದು. ಶಾಖಕ್ಕೆ ರಕ್ತನಾಳಗಳು ಇನ್ನಷ್ಟು ಹಿಗ್ಗುತ್ತವೆ. ಗೂಡು ಬೇಯುವ ಹಬೆಯಲ್ಲಿ ನಿಲ್ಲುವವರಿಗೆ ಬೇಸಿಗೆಯಲ್ಲಿ ಪಾದ ಊದಿಕೊಳ್ಳಲು ಇದೂ ಒಂದು ಕಾರಣ.

ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಾಡಿ. ಮನೆಗೆ ಬಂದ ಮೇಲೆ ಮಲಗಿ, ಕಾಲನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರದಲ್ಲಿ 15-20 ನಿಮಿಷ ಇಡಿ. ಮಾಲೀಕರನ್ನು ಒಂದು ಸ್ಟೂಲ್ ಕೇಳಿ, ಸಂಕೋಚ ಬೇಡ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಅವಕಾಶವನ್ನು ಕಾನೂನಿನಲ್ಲೇ ಬರೆದವು. ನಮ್ಮ ಘಟಕದಲ್ಲಿ ಬೇಸಿನ್‌ಗಳ ಪಕ್ಕ ಎತ್ತರದ ಸ್ಟೂಲ್ ಹಾಕಿಸಿದ್ದೇನೆ, ಅದರಿಂದ ನೂಲೇನೂ ಕಡಿಮೆಯಾಗಿಲ್ಲ.

ನಮ್ಮ ಕಡೆ ಎಲ್ಲ ಕಾಲುನೋವನ್ನೂ ಕೊಳವೆಬಾವಿಯ ಫ್ಲೋರೈಡ್ ತಲೆಗೆ ಕಟ್ಟುವುದುಂಟು. ಫ್ಲೋರೈಡ್ ತೊಂದರೆಯಲ್ಲಿ ಬೆನ್ನು, ಕೀಲುಗಳು ಬಿಗಿಯುತ್ತವೆ. ರಾತ್ರಿ ಮಲಗಿ ಎದ್ದರೆ ಅದು ಮಾಯವಾಗುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅದರಿಂದಲೂ ಪಾದ ಊದುತ್ತದೆ. ನರ ಉಬ್ಬಿ ಕಾಣುತ್ತಿದ್ದರೆ, ಪಾದದ ಗಂಟಿನ ಬಳಿ ಚರ್ಮ ಕಪ್ಪಾಗುತ್ತಿದ್ದರೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾಗಬಹುದು. ಬಿಗಿ ಕಾಲುಚೀಲವನ್ನು ವೈದ್ಯರನ್ನು ಕೇಳಿಯೇ ಕೊಳ್ಳಿ, ಏಕೆಂದರೆ ಕಾಲಿಗೆ ಇಳಿಯುವ ರಕ್ತವೇ ಕಡಿಮೆ ಇರುವವರಿಗೆ ಅದರಿಂದ ಅಪಾಯವಿದೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ಮಾತ್ರ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದಂತಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.