ಸೀರೆಯಿಂದ ಕಣ್ಣು ತೆಗೆದರೆ ಬಣ್ಣ ಮರೆಯುತ್ತೇನೆ

ಪ್ರಶ್ನೆ: ನನಗೆ 52 ವರ್ಷ. ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಾಲ್ಕೈದು ಸೀರೆ ಒಟ್ಟಿಗೆ ನೋಡಿಕೊಂಡು, ಹಿಂದೆ ತಿರುಗಿ ಡಬ್ಬಿಯಿಂದ ದಾರ ಆರಿಸುವಷ್ಟರಲ್ಲಿ ಬಣ್ಣ ಮರೆತಿರುತ್ತದೆ. ಗಿಳಿಹಸಿರಿಗೆ ಎಲೆಹಸಿರು ದಾರ ತೆಗೆದಿರುತ್ತೇನೆ. ಮರೆವಿನ ಕಾಯಿಲೆ ಶುರುವಾಯ್ತಾ ಮೇಡಂ?

ಉತ್ತರ: ಅಮ್ಮಾ, ಇಷ್ಟಕ್ಕೇ ಹೆದರಬೇಡಿ. ಮೈಸೂರಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿರುವುದೇ ಇದರ ಮೇಲೆ. ಕಂಡದ್ದನ್ನು ಕೆಲವೇ ಸೆಕೆಂಡು ಹಿಡಿದಿಟ್ಟುಕೊಳ್ಳುವ ಈ ನೆನಪು ಎಲ್ಲರಿಗೂ ಬಹಳ ಚಿಕ್ಕದು.

1997ರಲ್ಲಿ ಅಮೆರಿಕದ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗಲ್ ಒಂದು ಪರೀಕ್ಷೆ ಮಾಡಿದರು. ಪರದೆಯ ಮೇಲೆ ಬಣ್ಣದ ಚೌಕಗಳು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಕಾಣುತ್ತವೆ. ಸುಮಾರು ಒಂದು ಸೆಕೆಂಡು ಪರದೆ ಖಾಲಿ. ಮತ್ತೆ ಚೌಕಗಳು. ಬಣ್ಣ ಬದಲಾಗಿದೆಯಾ, ಇಲ್ವಾ? ಮೂರು ಚೌಕದವರೆಗೆ ತಪ್ಪು ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕರಿಂದ ಜಾರತೊಡಗುತ್ತದೆ.

ನಾನೂ ಇಂಥದ್ದೇ ಪರೀಕ್ಷೆ ಮಾಡುತ್ತೇನೆ. ಬರುವವರು ಇಪ್ಪತ್ತು, ಇಪ್ಪತ್ತೆರಡರ ಹುಡುಗ ಹುಡುಗಿಯರು. ಮನಸ್ಸಿನಲ್ಲೇ ‘ಕೆಂಪು, ಹಳದಿ’ ಅಂತ ಗುನುಗಿಕೊಳ್ಳಬಾರದಲ್ಲ, ಅದಕ್ಕೇ ಎರಡು ಅಂಕಿ ಕೊಟ್ಟು ಹೇಳುತ್ತಾ ಇರಿ ಅನ್ನುತ್ತೇನೆ. ಎಂಟು ಚೌಕ ಬಂದಾಗ ಬೆರಳು ಕೀಲಿಯ ಮೇಲೆ ತಡೆದು ನಿಂತುಬಿಡುತ್ತದೆ. ಹೊರಗೆ ಬಂದ ಮೇಲೆ ಅವರೂ ಮೆಲ್ಲಗೆ ಕೇಳುತ್ತಾರೆ, ನನಗೇನಾದರೂ ತೊಂದರೆ ಇದೆಯಾ ಅಂತ.

ಅದೂ ಕೆಂಪು, ನೀಲಿ, ಹಳದಿಯಂಥ ದೂರದ ಬಣ್ಣಗಳಲ್ಲಿ. ನಿಮ್ಮದು ಎರಡು ಹಸಿರಿನ ನಡುವಿನ ಕೆಲಸ, ಇನ್ನೂ ಕಷ್ಟ. ನೆನಪಿನಲ್ಲಿ ಇಂತಿಷ್ಟೇ ಗೂಡುಗಳಿವೆ ಅನ್ನುವವರಿದ್ದಾರೆ. ಇಲ್ಲ, ಇರುವುದು ಒಂದೇ ಚೊಂಬು ಮಜ್ಜಿಗೆ, ಜನ ಜಾಸ್ತಿಯಾದಷ್ಟೂ ನೀರಾಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಐದು ಸೀರೆ ನೋಡಿದರೆ ಒಂದೊಂದರ ಬಣ್ಣವೂ ತೆಳುವಾಗಿಯೇ ಉಳಿಯುತ್ತದೆ. ಜೊತೆಗೆ, ನೆನಪಿನಲ್ಲಿರುವ ಬಣ್ಣ ಅದರ ಹೆಸರಿನ ಕಡೆ ವಾಲುತ್ತದೆ. ‘ಹಸಿರು’ ಅಂದುಕೊಂಡಿರೋ, ಗಿಳಿಹಸಿರು ಮಾಮೂಲಿ ಹಸಿರಿನತ್ತ ಸರಿದಿರುತ್ತದೆ.

ಒಂದು ಸೀರೆ ಮುಗಿಸಿ ಇನ್ನೊಂದು ಹಿಡಿಯಿರಿ. ಸೆರಗನ್ನೇ ಡಬ್ಬಿಯ ಹತ್ತಿರ ಒಯ್ದು, ಹಗಲು ಬೆಳಕಿನಲ್ಲಿ ದಾರವನ್ನು ಅದರ ಮೇಲೆ ಎಳೆದು ನೋಡಿ. ಆಗ ನೆನಪಿಗೆ ಕೆಲಸವೇ ಇಲ್ಲ, ಅಲ್ವಾ? ಹಾಗೆ ಪಕ್ಕಪಕ್ಕ ಇಟ್ಟಾಗಲೂ ಎರಡು ಹಸಿರು ಒಂದೇ ಥರ ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಗೊತ್ತಿರುವ ದಾರಿ, ಒಲೆ ಆರಿಸುವುದು ಇಂಥದ್ದೂ ಮರೆಯುತ್ತಿದ್ದರೆ ಮಾತ್ರ ಮರೆವಿನ ಬಗ್ಗೆ ಡಾಕ್ಟರನ್ನು ಕೇಳಿ.